ಕೃತಕ ದವಡೆಕೀಲಿನ ಬಾಳಿಕೆ: ಒಂದು ಐತಿಹಾಸಿಕ ವಿವೇಚನೆ

ಸವೆದುಹೋದ ಕೀಲುಗಳ ಸ್ಥಾನದಲ್ಲಿ ಕೃತಕ ಕೀಲುಗಳನ್ನು ಕೂಡಿಸುವ ವಿದ್ಯೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಸೊಂಟ ಮತ್ತು ಮೊಣಕಾಲುಗಳ ಕಥೆಯನ್ನು ವಿಸ್ತಾರವಾಗಿ ಹೇಳಿ, ದವಡೆಯ ಕೀಲಿಗೆ ಒಂದೆರಡು ವಾಕ್ಯಗಳನ್ನು ಮಾತ್ರ ಮೀಸಲಿಟ್ಟಿದ್ದಾರೆ. ದವಡೆಯ ಶಸ್ತ್ರಚಿಕಿತ್ಸೆಗೆ ಒಳಗಾಗುವವರ ಸಂಖ್ಯೆ ಕಡಿಮೆಯಾದುದರಿಂದ ಇದು ಸಹಜವೇ ಸರಿ. ಆದರೆ ಕೃತಕ ಕೀಲೊಂದು ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆ, ಮೇಲುನೋಟಕ್ಕೆ ಸರಳವಾಗಿ ಕಂಡರೂ, ಎಷ್ಟು ತೊಡಕಿನದೆಂಬುದನ್ನು ಈ ಸಣ್ಣ ಕೀಲಿನ ಚರಿತ್ರೆ ತೋರಿಸಿಕೊಡುವಷ್ಟು ಸ್ಪಷ್ಟವಾಗಿ ದೊಡ್ಡ ಕೀಲುಗಳ ಚರಿತ್ರೆ ತೋರಿಸಲಾರದು. ಇದು ವೈದ್ಯರಿಗೆ ಬಿಟ್ಟ ವಿಷಯ, ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ಶಾಸನವೊಂದು ಕೈಗೆ ಬಂದಾಗ ಅದನ್ನು ಯಾರು ಬರೆಸಿದರು, ಯಾವ ಕಾಲದಲ್ಲಿ, ಯಾವ ಪ್ರಯೋಜನಕ್ಕಾಗಿ ಬರೆಸಿದರು ಎಂದು ನಾವು ವಿಚಾರಿಸುತ್ತೇವೆ. ವೈದ್ಯ ಪತ್ರಿಕೆಯಲ್ಲಿ ಅಚ್ಚಾದ "ಇಷ್ಟು ವರ್ಷ ಬಾಳಿತು" ಎಂಬ ಅಂಕಿಯೂ ಒಂದು ಆಧಾರಪತ್ರವೇ ಆಗಿರುವುದರಿಂದ, ಅದನ್ನೂ ಅದೇ ರೀತಿ ಪರೀಕ್ಷಿಸಲು ಅಡ್ಡಿಯಿಲ್ಲ.

ಮೊದಲು ಕೀಲಿನ ಸ್ವರೂಪವನ್ನು ಸ್ಥೂಲವಾಗಿ ತಿಳಿದುಕೊಳ್ಳುವುದು ಅವಶ್ಯಕ. ಕೆಳದವಡೆಯ ಎಲುಬು ಎರಡು ಕಡೆಗಳಲ್ಲಿಯೂ ಮೇಲೇರಿ, ಕಿವಿಯ ಮುಂದುಗಡೆ ಗುಂಡುತಲೆಯಾಗಿ ಕೊನೆಗೊಳ್ಳುತ್ತದೆ. ಈ ಗುಂಡುತಲೆ ಕಣತಲೆಯ ಎಲುಬಿನಲ್ಲಿರುವ ಒಂದು ಕುಳಿಯಲ್ಲಿ ಕುಳಿತಿದೆ. ಇವೆರಡರ ನಡುವೆ ನಾರುಕಟ್ಟಿನ ಒಂದು ತೆಳುವಾದ ಬಿಲ್ಲೆಯಿದೆ. ಬಾಯಿ ತೆರೆಯುವಾಗ ಗುಂಡುತಲೆ ಮೊದಲು ಬಾಗಿಲ ತಿರುಗಣಿಯಂತೆ ತಿರುಗುತ್ತದೆ. ಬಳಿಕ ಬಿಲ್ಲೆಯೊಡನೆ ಮುಂದಕ್ಕೆ ಜಾರುತ್ತದೆ. ತಿರುಗುವಿಕೆ, ಜಾರುವಿಕೆ ಎರಡೂ ಒಂದೇ ಕೀಲಿನಲ್ಲಿ ನಡೆಯಬೇಕು. ಸಾಲದುದಕ್ಕೆ ಎಡಬಲದ ಕೀಲುಗಳೆರಡೂ ಒಂದೇ ಎಲುಬಿಗೆ ಸೇರಿದವು. ಒಂದು ಕೆಟ್ಟರೆ ಇನ್ನೊಂದಕ್ಕೆ ವಿಶ್ರಾಂತಿ ಎಂಬುದಿಲ್ಲ. ಊಟ, ಮಾತು, ಆಕಳಿಕೆ, ನುಂಗುವುದು, ಹೀಗೆ ದಿನಕ್ಕೆ ಸಾವಿರಾರು ಸಲ ಅದು ಚಲಿಸುತ್ತಲೇ ಇರುತ್ತದೆ. ಕುಳಿಯ ಮೇಲ್ಛಾವಣಿಯಾದ ಎಲುಬು ಅತ್ಯಂತ ತೆಳುವಾದುದು. ಅದರ ಆಚೆಗೆ ಇರುವುದು ಮಿದುಳು. ಈ ಕಡೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಮುಂದಿನ ಕಥೆಯ ದುರಂತವೆಲ್ಲ ಈ ತೆಳುವಾದ ಎಲುಬಿನ ಸುತ್ತಲೇ ನಡೆಯಿತು.

ದವಡೆಯ ಕೀಲಿನಲ್ಲಿ ಪರವಸ್ತುವನ್ನು ಇಟ್ಟವರಲ್ಲಿ ಮೊದಲಿಗನೆಂದು ವೈದ್ಯ ಇತಿಹಾಸಕಾರರು ಹೆಸರಿಸುವುದು ಅಮೆರಿಕದ ಜಾನ್ ಮರ್ರೇ ಕಾರ್ನೊಕನ್ ಎಂಬ ಶಸ್ತ್ರವೈದ್ಯನನ್ನು. ಕೀಲು ಬೆಸೆದುಹೋಗಿ ಬಾಯಿ ತೆರೆಯಲಾರದ ರೋಗಿಯೊಬ್ಬನಲ್ಲಿ ಅವನು ದವಡೆಯೆಲುಬಿನ ಕೊರಳನ್ನು ಕತ್ತರಿಸಿ, ಎರಡು ಎಲುಬುಗಳು ಮತ್ತೆ ಕೂಡಿಕೊಳ್ಳದಂತೆ ನಡುವೆ ಮರದ ತುಂಡೊಂದನ್ನು ಇಟ್ಟನು. ಇದು 1840ರ ಮಾತು. ಈಥರಿನ ಅರಿವಳಿಕೆ ಬಾಸ್ಟನ್ನಿನಲ್ಲಿ ಬಹಿರಂಗವಾಗಿ ಪ್ರದರ್ಶಿತವಾದುದು 1846ರಲ್ಲಿ; ಲಿಸ್ಟರನು ನಂಜುನಿವಾರಕ ಪದ್ಧತಿಯನ್ನು ಪ್ರಕಟಿಸಿದುದು 1867ರಲ್ಲಿ. ಇವೆರಡೂ ಇಲ್ಲದ ಕಾಲದಲ್ಲಿ ರೋಗಿ ಬದುಕಿ ಬಾಯಿ ತೆರೆದರೆ ಅದೇ ದೊಡ್ಡ ಮಾತು. ಮರದ ತುಂಡಿನ ಬಾಳಿಕೆಯನ್ನು ಕುರಿತು ಪ್ರಶ್ನಿಸುವ ವ್ಯವಧಾನ ಯಾರಿಗೂ ಇರಲಾರದು.

ಬಾಳಿಕೆಯ ಪ್ರಶ್ನೆ ನಿಜವಾಗಿ ತಲೆದೋರಿದುದು ಬರ್ಲಿನ್ ನಗರದ ಥೆಮಿಸ್ಟೊಕ್ಲೀಸ್ ಗ್ಲುಕ್ಕನ ಕೆಲಸದಲ್ಲಿ. 1890ರಲ್ಲಿ ಅವನು ಆನೆದಂತದಿಂದ ಕಡೆದ ಮೊಣಕಾಲ ಕೀಲನ್ನು ಅಳವಡಿಸಿದನು. ಬೇರೆ ಕೀಲುಗಳಿಗೂ ಆನೆದಂತದ ರಚನೆಗಳನ್ನು ಯೋಜಿಸಿದನು. ಆರಂಭದ ಫಲಗಳು ಬೆರಗುಗೊಳಿಸುವಂತಿದ್ದುವು. ಆದರೆ ಅವನ ರೋಗಿಗಳಲ್ಲಿ ಅನೇಕರ ಕೀಲುಗಳು ಕ್ಷಯದಿಂದ ಕೆಟ್ಟಿದ್ದವು; ಕಾಲಕ್ರಮದಲ್ಲಿ ಕೀವುಗಟ್ಟಿ ಅವು ವಿಫಲವಾದುವು. ಬರ್ಲಿನ್ನಿನ ಹಿರಿಯ ಶಸ್ತ್ರವೈದ್ಯ ಬೆರ್ಗ್‌ಮನ್ನನು ಅವನನ್ನು ಕಟುವಾಗಿ ವಿರೋಧಿಸಿದನು. ಗ್ಲುಕ್ಕನ ಕಲ್ಪನೆ ಕೆಟ್ಟದೆಂದು ಇದರಿಂದ ಸಿದ್ಧವಾಗುವುದಿಲ್ಲ. ಕೆಲವು ವಾರಗಳ ಯಶಸ್ಸಿಗೂ ಕೆಲವು ವರ್ಷಗಳ ಯಶಸ್ಸಿಗೂ ಇರುವ ಅಂತರ ಇಲ್ಲಿ ಮೊದಲ ಬಾರಿಗೆ ಕಣ್ಣಿಗೆ ಬಿದ್ದಿತು.

ಮುಂದಿನ ಅರ್ಧಶತಮಾನದ ಪ್ರಯತ್ನಗಳನ್ನು ಬೇಗನೆ ದಾಟಿಹೋಗಬಹುದು. 1920ರ ವೇಳೆಗೆ ಇಂಗ್ಲೆಂಡಿನ ಗಿಲ್ಲೀಸನು ರೋಗಿಯ ಪಕ್ಕೆಲುಬಿನ ತುದಿಯನ್ನೇ ತೆಗೆದು ದವಡೆಗೆ ಕೂಡಿಸಿದನು. ಈ ಕ್ರಮ ಇಂದಿಗೂ ಉಳಿದಿದೆ. ಕೆಲವರು ಚಿನ್ನದ ತಗಡನ್ನು, 1940ರ ದಶಕದಲ್ಲಿ ಕೆಲವರು ಟ್ಯಾಂಟಲಮ್ ತಗಡನ್ನು ಎಲುಬುಗಳ ನಡುವೆ ಇಟ್ಟರು. 1960ರಲ್ಲಿ ರಾಬಿನ್‌ಸನ್ನನು ತುಕ್ಕು ಹಿಡಿಯದ ಉಕ್ಕಿನ ಕುಳಿಯನ್ನು ವರ್ಣಿಸಿದನು. 1963ರ ಸುಮಾರಿಗೆ ರಾಬರ್ಟ್ ಕ್ರಿಸ್ಟೆನ್‌ಸನ್ನನು ವಿಟಾಲಿಯಂ ಎಂಬ ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹದ ತೆಳುವಾದ ಕುಳಿಹೊದಿಕೆಗಳನ್ನು ಹಲವು ಅಳತೆಗಳಲ್ಲಿ ಎರಕ ಹೊಯ್ಯಿಸಿ ಬಳಕೆಗೆ ತಂದನು; ಸ್ವಲ್ಪ ಕಾಲದ ಮೇಲೆ ಗುಂಡುತಲೆಯನ್ನೂ ಸೇರಿಸಿದನು. ಇವೆಲ್ಲವೂ ಒಬ್ಬೊಬ್ಬ ವೈದ್ಯನ ಅನುಭವ. ಒಂದೆರಡು, ಹತ್ತಿಪ್ಪತ್ತು ರೋಗಿಗಳ ವೃತ್ತಾಂತ. ಎಷ್ಟು ಜನರಲ್ಲಿ ಎಷ್ಟು ವರ್ಷ ಎಂಬ ಲೆಕ್ಕವನ್ನು ಇವುಗಳಿಂದ ತೆಗೆಯಲು ಹೋಗುವುದು ವ್ಯರ್ಥಪ್ರಯಾಸ.

ಇದೇ ಕಾಲದಲ್ಲಿ, ಬೇರೊಂದು ಕೀಲಿನ ವಿಷಯದಲ್ಲಿ, ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಒಂದು ಪ್ರಸಂಗ ನಡೆಯಿತು. ಅದನ್ನು ಇಲ್ಲಿ ಹೇಳಲೇಬೇಕು. ಜಾನ್ ಚಾರ್ನ್‌ಲೀ ಎಂಬ ಶಸ್ತ್ರವೈದ್ಯನು 1958ರಿಂದ ಸೊಂಟದ ಕೀಲಿನ ಬಟ್ಟಲಿಗೆ ಟೆಫ್ಲಾನನ್ನು ಉಪಯೋಗಿಸತೊಡಗಿದನು. ಅಡಿಗೆಯ ಪಾತ್ರೆಗಳಿಗೆ ಬಳಿಯುವ ಆ ನುಣುಪಾದ ವಸ್ತು ಯಾವುದಕ್ಕೂ ಅಂಟದು, ಯಾವ ರಾಸಾಯನಿಕಕ್ಕೂ ಮಣಿಯದು. ಕೀಲಿಗೆ ಇದಕ್ಕಿಂತ ಯೋಗ್ಯವಾದುದು ಯಾವುದಿದ್ದೀತು ಎಂದು ಯಾರಿಗಾದರೂ ತೋರುವಂತಹದು. ನೂರಾರು ರೋಗಿಗಳಿಗೆ ಅದನ್ನು ಅಳವಡಿಸಿದ ಮೇಲೆ, ಎರಡು ಮೂರು ವರ್ಷಗಳಲ್ಲಿಯೇ ಬಟ್ಟಲುಗಳು ವಿಪರೀತವಾಗಿ ಸವೆದಿರುವುದು ಕಂಡುಬಂದಿತು. ಸವೆದ ಪುಡಿಯ ಸುತ್ತ ಗಂಟುಗಂಟಾದ ಮಾಂಸ ಬೆಳೆದು ಎಲುಬನ್ನು ತಿನ್ನುತ್ತಿದ್ದಿತು. ಚಾರ್ನ್‌ಲೀಯು ಆ ಪುಡಿಯನ್ನು ತನ್ನ ತೊಡೆಗೇ ಚುಚ್ಚಿಕೊಂಡು ಅದರ ಪರಿಣಾಮವನ್ನು ನೋಡಿ, 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಂಗಾಂಶಗಳ ಪ್ರತಿಕ್ರಿಯೆಯನ್ನು ಕುರಿತು ಪ್ರಕಟಿಸಿದನು. ಅಷ್ಟರಲ್ಲಿ, 1962ರ ನವೆಂಬರಿನಿಂದಲೇ, ಅವನು ಅತಿಹೆಚ್ಚಿನ ಅಣುತೂಕದ ಪಾಲಿಎಥಿಲೀನಿಗೆ ಬದಲಾಯಿಸಿಕೊಂಡಿದ್ದನು. ಇಂದು ಲೋಕದಾದ್ಯಂತ ಬಳಸುವ ಸೊಂಟದ ಕೀಲುಗಳು ಬಹುಮಟ್ಟಿಗೆ ಆ ಬದಲಾವಣೆಯ ಸಂತತಿ. ಟೆಫ್ಲಾನು ಭಾರ ಹೊರುವ ಕೀಲಿಗೆ ಸಲ್ಲದು ಎಂಬುದು 1963ರ ವೇಳೆಗೆ ಅಚ್ಚಿನಲ್ಲಿ ಬಂದಿದ್ದ ಸಂಗತಿಯಾಗಿತ್ತು.

ಹೀಗಿದ್ದರೂ, ಇಪ್ಪತ್ತು ವರ್ಷಗಳ ಬಳಿಕ, ಅದೇ ವಸ್ತು ದವಡೆಯ ಕೀಲನ್ನು ಪ್ರವೇಶಿಸಿತು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಚಾರ್ಲ್ಸ್ ಹೋಮ್ಸಿ ಎಂಬ ರಸಾಯನ ಎಂಜಿನಿಯರನು ಟೆಫ್ಲಾನಿನೊಡನೆ ಇಂಗಾಲದ ನಾರನ್ನು ಬೆರೆಸಿ, ಸ್ಪಂಜಿನಂತೆ ರಂಧ್ರಮಯವಾದ ಪ್ರೊಪ್ಲಾಸ್ಟ್ ಎಂಬ ಪದಾರ್ಥವನ್ನು ಸಿದ್ಧಪಡಿಸಿದ್ದನು. ರಂಧ್ರಗಳೊಳಕ್ಕೆ ಅಂಗಾಂಶ ಬೆಳೆದು ಅದನ್ನು ಭದ್ರವಾಗಿ ಹಿಡಿದುಕೊಳ್ಳುತ್ತದೆ ಎಂಬುದು ಅವನ ವಿಚಾರ. ವಿಚಾರದಲ್ಲಿ ಹುರುಳಿಲ್ಲದೆ ಇರಲಿಲ್ಲ. ಅವನ ವೈಟೆಕ್ ಸಂಸ್ಥೆ, ಪ್ರೊಪ್ಲಾಸ್ಟಿನ ಮೇಲೆ ಟೆಫ್ಲಾನಿನ ನುಣುಪು ಹಾಳೆಯನ್ನು ಹೊಂದಿಸಿ, ಕೀಲಿನ ಬಿಲ್ಲೆಗೆ ಬದಲಾಗಿ ಇಡುವ ತೆಳುವಾದ ತುಂಡುಗಳನ್ನು ತಯಾರಿಸಿತು. 1983ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದರ ಮಾರಾಟಕ್ಕೆ ಅನುಮತಿ ಕೊಟ್ಟಿತು. ಅಲ್ಲಿಯ 1976ರ ಕಾನೂನಿನ ಪ್ರಕಾರ, ಆಗಲೇ ಮಾರುಕಟ್ಟೆಯಲ್ಲಿದ್ದ ಸಾಧನಕ್ಕೆ ಹೊಸದು ಸಾರಾಂಶದಲ್ಲಿ ಸಮಾನ ಎಂದು ತೋರಿಸಿಕೊಟ್ಟರೆ ಸಾಕು. ಮನುಷ್ಯರ ಮೇಲೆ ದೀರ್ಘಕಾಲದ ಪರೀಕ್ಷೆ ನಡೆಸಬೇಕೆಂಬ ನಿರ್ಬಂಧವಿರಲಿಲ್ಲ. ಸೊಂಟದಲ್ಲಿ ಸೋತ ವಸ್ತು ದವಡೆಯಲ್ಲಿ ಗೆದ್ದೀತೇ ಎಂಬ ಪ್ರಶ್ನೆಗೆ ಆ ಕ್ರಮದಲ್ಲಿ ಸ್ಥಾನವೇ ಇರಲಿಲ್ಲ. ದವಡೆಯ ಮೇಲೆ ಬೀಳುವ ಭಾರ ಸೊಂಟದಷ್ಟಿಲ್ಲ ಎಂಬ ಸಮಾಧಾನವೂ ಹಲವರಲ್ಲಿ ಇದ್ದಿರಬೇಕು. ಒಂದು ವಿಭಾಗದ ಗ್ರಂಥಾಲಯದಲ್ಲಿರುವ ಜ್ಞಾನ ಪಕ್ಕದ ವಿಭಾಗಕ್ಕೆ ತಲಪಲು ಎಷ್ಟು ಕಾಲ ಬೇಕಾಗುತ್ತದೆಂಬುದನ್ನು ವಿಶ್ವವಿದ್ಯಾನಿಲಯಗಳಲ್ಲಿರುವ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಆರಂಭದ ವರದಿಗಳು ಅನುಕೂಲವಾಗಿಯೇ ಇದ್ದುವು. ರೋಗಿಗಳ ನೋವು ಇಳಿದಿತ್ತು, ಬಾಯಿ ತೆರೆಯುತ್ತಿತ್ತು. ಈ ವರದಿಗಳನ್ನು ಸುಳ್ಳೆಂದು ಕರೆಯುವಂತಿಲ್ಲ. ಅವು ನೋಡಿದ ಅವಧಿ ಮಾತ್ರ ಚಿಕ್ಕದು. ಗುಂಡುತಲೆಯ ಒತ್ತಡಕ್ಕೆ ಹಾಳೆ ಸೀಳಿ, ಪುಡಿಯಾಗಿ, ಆ ಪುಡಿಯ ಸುತ್ತ ದೈತ್ಯಕೋಶಗಳು ಮುತ್ತಿಕೊಂಡು ಎಲುಬನ್ನು ಕರಗಿಸತೊಡಗಲು ಕೆಲವು ವರ್ಷಗಳು ಬೇಕಾಗಿದ್ದುವು. ಕೆಲವರಲ್ಲಿ ಗುಂಡುತಲೆಯೇ ಕರಗಿ ದವಡೆ ಹಿಂದಕ್ಕೆ ಸರಿದು ಹಲ್ಲುಗಳು ಕೂಡದಂತಾದುವು; ಕೆಲವರಲ್ಲಿ ಕುಳಿಯ ತೆಳುವಾದ ಛಾವಣಿ ತೂತುಬಿದ್ದು ಮಿದುಳಿನ ಕೋಣೆಯವರೆಗೆ ಹಾದಿಯಾಯಿತು. 1990ರಲ್ಲಿ ವೈಟೆಕ್ ಸಂಸ್ಥೆ ದಿವಾಳಿಯೆದ್ದಿತು. ಅದೇ ವರ್ಷದ ಕೊನೆಗೆ ಸರ್ಕಾರ ವೈದ್ಯರಿಗೆ ಎಚ್ಚರಿಕೆಯನ್ನು ಕಳುಹಿಸಿ, 1991ರಲ್ಲಿ ಸಾಧನಗಳನ್ನು ಹಿಂದಕ್ಕೆ ತರಿಸಿಕೊಳ್ಳುವ ಕ್ರಮವನ್ನು ಕೈಗೊಂಡಿತು. ಅಷ್ಟು ಹೊತ್ತಿಗೆ ಸುಮಾರು 26 ಸಾವಿರ ತುಂಡುಗಳು ಹಂಚಿಹೋಗಿದ್ದುವು. 1992ರಲ್ಲಿ ಅಮೆರಿಕದ ಶಾಸನಸಭೆಯ ಉಪಸಮಿತಿಯೊಂದು ಇದರ ವಿಚಾರಣೆಯನ್ನು ನಡೆಸಿತು. ಆ ವರ್ಷವೇ ಪ್ರಕಟವಾದ ಪ್ರಯೋಗಶಾಲೆಯ ಒಂದು ಪರೀಕ್ಷೆ, ಈ ಹಾಳೆಯ ಸೇವಾವಧಿ ಸುಮಾರು 3 ವರ್ಷಗಳನ್ನು ಮೀರದೆಂದು ತೋರಿಸಿತು. ಪರೀಕ್ಷೆ ಮೊದಲು ನಡೆದು ಮಾರಾಟ ಆಮೇಲೆ ಆಗಬೇಕಾದ ಕಡೆ ಕಾಲಕ್ರಮ ತಲೆಕೆಳಗಾಗಿತ್ತು.

ಈ ಪ್ರಸಂಗದಲ್ಲಿ ಚರಿತ್ರಕಾರನು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ನೋವೇ ಇಲ್ಲದ ರೋಗಿಗಳೂ ಕ್ಷಕಿರಣ ಮೊದಲಾದ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕೆಂದು ಸರ್ಕಾರ ಸೂಚಿಸಿತು. ಎಲುಬು ಸದ್ದಿಲ್ಲದೆ ಕರಗುತ್ತಿರಬಹುದು, ರೋಗಿಗೆ ಅದರ ಅರಿವೇ ಇರಲಿಕ್ಕಿಲ್ಲ ಎಂಬುದು ಇದಕ್ಕೆ ಕಾರಣ. ಅಂದಮೇಲೆ, ರೋಗಿ ದೂರು ಹೇಳಲಿಲ್ಲ, ಆದುದರಿಂದ ಕೀಲು ಬಾಳಿತು ಎಂದು ಎಣಿಸಿದ ಹಿಂದಿನ ವರದಿಗಳ ಗತಿಯೇನು? ಬಾಳಿಕೆಯ ಕೊನೆ ಯಾವುದು ಎಂಬುದೇ ಅಲ್ಲಿ ನಿಶ್ಚಿತವಾಗಿರಲಿಲ್ಲ. ಕೀಲನ್ನು ಹೊರತೆಗೆದ ದಿನವೇ? ನೋವು ಮರಳಿದ ದಿನವೇ? ಹಾಳೆ ಸೀಳಿದ ದಿನವೇ? ಮೂರಕ್ಕೂ ಬೇರೆಬೇರೆ ಉತ್ತರ ಬರುತ್ತದೆ. ಮೂರೂ ಒಂದೇ ಪಟ್ಟಿಯಲ್ಲಿ "ವರ್ಷಗಳು" ಎಂಬ ತಲೆಬರಹದ ಕೆಳಗೆ ಸೇರಿಹೋಗುತ್ತವೆ.

ದುರಂತದ ಬಳಿಕ ನಿಯಮಗಳು ಬಿಗಿಯಾದುವು. ಇದೇ ಕೀಲಿನಲ್ಲಿ ಸಿಲಿಕೋನ್ ಹಾಳೆಗಳೂ ಬಳಕೆಯಲ್ಲಿದ್ದು, ಅವುಗಳಿಗೂ ಈ ಕಾಲದಲ್ಲಿ ತೆರೆ ಬಿದ್ದಿತು. 1994ರ ಕೊನೆಯಲ್ಲಿ ದವಡೆಕೀಲಿನ ಸಾಧನಗಳೆಲ್ಲವನ್ನೂ ಅತ್ಯಂತ ಕಟ್ಟುನಿಟ್ಟಾದ ಮೂರನೆಯ ವರ್ಗಕ್ಕೆ ಸೇರಿಸಲಾಯಿತು. 1998ರ ಆಜ್ಞೆಯಂತೆ ಪ್ರತಿಯೊಬ್ಬ ತಯಾರಕನೂ ಸುರಕ್ಷತೆಯ ಪ್ರಮಾಣಗಳನ್ನು ಮುಂಚಿತವಾಗಿ ಒಪ್ಪಿಸಬೇಕಾಯಿತು. ಇದರ ಫಲವಾಗಿ 1999ರಲ್ಲಿ ಕ್ಯಾಲಿಫೋರ್ನಿಯದ ಟಿ.ಎಂ.ಜೆ. ಕಾನ್ಸೆಪ್ಟ್ಸ್ ಸಂಸ್ಥೆಯ ಕೀಲಿಗೂ, 2001ರಲ್ಲಿ ಕ್ರಿಸ್ಟೆನ್‌ಸನ್ನನ ಕೀಲಿಗೂ, 2005ರಲ್ಲಿ ಬಯೋಮೆಟ್ ಸಂಸ್ಥೆಯ ಕೀಲಿಗೂ ಮಂಜೂರಾತಿ ದೊರೆಯಿತು. ಇವುಗಳಲ್ಲಿ ಮೊದಲನೆಯದು ಟೆಕ್‌ಮೆಡಿಕಾ ಎಂಬ ಹೆಸರಿನಿಂದ 1989ರಲ್ಲಿಯೇ ಆರಂಭವಾಗಿತ್ತು. ರೋಗಿಯ ತಲೆಬುರುಡೆಯನ್ನು ಸಿ.ಟಿ. ಯಂತ್ರದಿಂದ ಚಿತ್ರಿಸಿ, ಅದರ ಪಡಿಯಚ್ಚನ್ನು ತಯಾರಿಸಿ, ಆ ಒಬ್ಬ ರೋಗಿಗೆ ಮಾತ್ರ ಒಪ್ಪುವಂತೆ ಕೀಲನ್ನು ಮಾಡುವುದು ಅದರ ಕ್ರಮ. ಕುಳಿಯ ಭಾಗ ಟೈಟೇನಿಯಂ ಜಾಲರಿಗೆ ಕೂಡಿಸಿದ ಪಾಲಿಎಥಿಲೀನ್. ಗುಂಡುತಲೆ ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹ. ಚಾರ್ನ್‌ಲೀ 1962ರಲ್ಲಿ ಕಂಡುಕೊಂಡ ದಾರಿಗೆ ದವಡೆಯ ವೈದ್ಯರು ಕೊನೆಗೂ ಬಂದು ಸೇರಿದ್ದರು. ಬಯೋಮೆಟ್ ಕೀಲು ಸಿದ್ಧ ಅಳತೆಗಳಲ್ಲಿ ಬರುವಂಥದು. ಪದಾರ್ಥಗಳ ವಿಷಯದಲ್ಲಿ ಮಾತ್ರ ಅದೂ ಇದೇ ಕುಲದ್ದು.

ಇವುಗಳ ಬಾಳಿಕೆಯನ್ನು ಕುರಿತ ಅಂಕಿಗಳನ್ನು ಈಗ ನೋಡೋಣ. ಟೆಕ್‌ಮೆಡಿಕಾ ಕೀಲನ್ನು ಕುರಿತು 1995ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 215 ರೋಗಿಗಳು, 363 ಕೀಲುಗಳು. 2007ರಲ್ಲಿ ಮರ್ಕ್ಯುರಿ ಮತ್ತು ಸಂಗಡಿಗರು ಅದೇ ಕೀಲಿನ ದೀರ್ಘಾವಧಿಯ ಫಲವನ್ನು ಪ್ರಕಟಿಸಿದಾಗ 61 ರೋಗಿಗಳು, 102 ಕೀಲುಗಳು. ಸರಾಸರಿ ಅವಧಿ 11.4 ವರ್ಷ. 2015ರಲ್ಲಿ ವುಲ್‌ಫರ್ಡ್ ಮೊದಲಾದವರ ವರದಿ ಇನ್ನೂ ಮುಂದಕ್ಕೆ ಹೋಯಿತು. 1989ರಿಂದ 1993ರವರೆಗೆ ಇಬ್ಬರು ಶಸ್ತ್ರವೈದ್ಯರು 111 ರೋಗಿಗಳಿಗೆ ಈ ಕೀಲನ್ನು ಅಳವಡಿಸಿದ್ದರು. ಅವರಲ್ಲಿ 56 ಮಂದಿಯನ್ನು, ಕನಿಷ್ಠ 19 ವರ್ಷಗಳ ಬಳಿಕ, ಮತ್ತೆ ಸಂಪರ್ಕಿಸಲು ಸಾಧ್ಯವಾಯಿತು. ಮಧ್ಯಾಂಕ 21 ವರ್ಷ. ಪದಾರ್ಥದ ಸವೆತದಿಂದಾಗಲಿ ಮುರಿತದಿಂದಾಗಲಿ ಹೊರತೆಗೆಯಬೇಕಾಗಿ ಬಂದ ಕೀಲು ಒಂದೂ ಇರಲಿಲ್ಲ. ನೋವು ತಗ್ಗಿತ್ತು, ಆಹಾರ ಸುಧಾರಿಸಿತ್ತು. ಮೂರು ವರ್ಷಗಳ ಹಾಳೆಯನ್ನು ಕಂಡಿದ್ದ ಕ್ಷೇತ್ರದಲ್ಲಿ ಇದು ಅಸಾಧಾರಣವಾದ ಫಲ. ಇದನ್ನು ಕಡೆಗಣಿಸುವವನು ನ್ಯಾಯವಂತನಲ್ಲ.

ಆದರೆ ಉಳಿದ 55 ಮಂದಿ? ಅವರಲ್ಲಿ ಕೆಲವರು ಸತ್ತಿರಬಹುದು, ಕೆಲವರು ಊರು ಬಿಟ್ಟಿರಬಹುದು, ಕೆಲವರು ಕೀಲು ಕೆಟ್ಟು ಬೇರೆ ವೈದ್ಯರಲ್ಲಿಗೆ ಹೋಗಿರಬಹುದು, ಕೆಲವರು ಪೂರ್ಣವಾಗಿ ಗುಣಹೊಂದಿ ವೈದ್ಯರ ನೆನಪನ್ನೇ ಬಿಟ್ಟಿರಬಹುದು. ಇವುಗಳಲ್ಲಿ ಮೂರನೆಯ ಗುಂಪು ದೊಡ್ಡದಾಗಿದ್ದರೆ ಫಲದ ಬಣ್ಣವೇ ಬದಲಾಗುತ್ತದೆ. ನಾಲ್ಕನೆಯದು ದೊಡ್ಡದಾಗಿದ್ದರೆ ಫಲ ಇನ್ನೂ ಉಜ್ಜ್ವಲವಾಗುತ್ತದೆ. ಉಳಿದುಬಂದ ತಾಮ್ರಶಾಸನಗಳಿಂದ ಒಂದು ರಾಜ್ಯದ ದಾನಗಳ ಒಟ್ಟು ಮೊತ್ತವನ್ನು ಲೆಕ್ಕಹಾಕಹೋದವನ ಪಾಡು ಇಂತಹುದೇ. ಈ ಅಧ್ಯಯನವನ್ನು ನಡೆಸಿದವರಲ್ಲಿ ಆ ಶಸ್ತ್ರಕ್ರಿಯೆಗಳನ್ನು ಮಾಡಿದ ವೈದ್ಯರೇ ಇದ್ದರೆಂಬುದನ್ನೂ ಮರೆಯುವಂತಿಲ್ಲ. ಇದು ಆಕ್ಷೇಪಣೆಯ ಮಾತಲ್ಲ. ಅವರು ಹುಡುಕದೆ ಇದ್ದಿದ್ದರೆ ಆ 56 ಮಂದಿಯ ವೃತ್ತಾಂತವೂ ನಮಗೆ ದೊರೆಯುತ್ತಿರಲಿಲ್ಲ.

ಬಯೋಮೆಟ್ ಕೀಲಿನ ಪರೀಕ್ಷೆಯನ್ನು ಕುರಿತು 2012ರಲ್ಲಿ ಬಂದ ವರದಿಯಲ್ಲಿ 288 ರೋಗಿಗಳು, 442 ಕೀಲುಗಳು, ತೆಗೆದುಹಾಕಬೇಕಾದವು 14. ಅಲ್ಲಿಯೂ ಸಾಧನ ಮುರಿದ ಉದಾಹರಣೆಯಿಲ್ಲ. ಹಾಗಾದರೆ ಕೀಲನ್ನು ಏಕೆ ತೆಗೆಯಬೇಕಾಗುತ್ತದೆ? ಸೋಂಕು ಒಂದು ಕಾರಣ. ಲೋಹದ ಸುತ್ತ ಎಲುಬು ಅಡ್ಡಾದಿಡ್ಡಿಯಾಗಿ ಬೆಳೆದು ದವಡೆ ಮತ್ತೆ ಬಿಗಿದುಕೊಳ್ಳುವುದು ಇನ್ನೊಂದು. ಇದನ್ನು ತಡೆಯಲು ರೋಗಿಯ ಹೊಟ್ಟೆಯ ಕೊಬ್ಬನ್ನು ತೆಗೆದು ಕೀಲಿನ ಸುತ್ತ ತುಂಬುವ ಉಪಾಯವನ್ನು ವುಲ್‌ಫರ್ಡನು ಪ್ರಚಾರಕ್ಕೆ ತಂದನು. ಲೋಹವನ್ನು ಸಹಿಸದ ದೇಹಪ್ರಕೃತಿ, ತಿರುಪುಗಳ ಸಡಿಲಿಕೆ, ಕಾರಣ ತಿಳಿಯದ ನೋವು, ಇವೂ ಉಂಟು. ಅಂದರೆ ಇಂದಿನ ಕೀಲಿನಲ್ಲಿ ಮೊದಲು ಸೋಲುವುದು ಹೆಚ್ಚಾಗಿ ಪದಾರ್ಥವಲ್ಲ, ಅದರ ಸುತ್ತಲಿನ ಶರೀರ. ಈಗಾಗಲೇ ಹಲವು ಶಸ್ತ್ರಕ್ರಿಯೆಗಳಿಗೆ ಒಳಗಾದವರಲ್ಲಿ ಸುಧಾರಣೆ ಕಡಿಮೆಯಾಗುತ್ತದೆಂಬುದನ್ನು 2015ರ ವರದಿಯೂ ಕಂಡುಕೊಂಡಿತು. ಪ್ರೊಪ್ಲಾಸ್ಟಿಗೆ ಬಲಿಯಾಗಿ ಆಮೇಲೆ ಹೊಸ ಕೀಲನ್ನು ಪಡೆದವರ ಫಲವನ್ನೂ, ಮೊದಲ ಬಾರಿಗೆ ಕೀಲನ್ನು ಪಡೆದವರ ಫಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಾಗದು.

ಸೊಂಟ ಮತ್ತು ಮೊಣಕಾಲಿನ ಚರಿತ್ರೆ ಬೇರೆ ಹಾದಿಯನ್ನು ಹಿಡಿಯಿತು. ಸ್ವೀಡನ್ ದೇಶವು 1975ರಲ್ಲಿ ಮೊಣಕಾಲಿಗೂ 1979ರಲ್ಲಿ ಸೊಂಟಕ್ಕೂ ರಾಷ್ಟ್ರೀಯ ದಾಖಲೆಪುಸ್ತಕವನ್ನು ತೆರೆದು, ಯಾವ ಆಸ್ಪತ್ರೆಯಲ್ಲಿ ಕೂಡಿಸಿದ ಕೀಲನ್ನು ಯಾವ ಆಸ್ಪತ್ರೆಯಲ್ಲಿ ತೆಗೆದರೂ ಲೆಕ್ಕಕ್ಕೆ ಬರುವಂತೆ ಮಾಡಿತು. ಬೇರೆ ದೇಶಗಳು ಅನುಸರಿಸಿದುವು. ಇಂತಹ ದಾಖಲೆಗಳ ಆಧಾರದಿಂದಲೇ, ಸೊಂಟದ ಕೀಲುಗಳಲ್ಲಿ ಸುಮಾರು 58 ಪ್ರತಿಶತವೂ ಪೂರ್ಣ ಮೊಣಕಾಲ ಕೀಲುಗಳಲ್ಲಿ ಸುಮಾರು 82 ಪ್ರತಿಶತವೂ 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಲು ಶಕ್ಯವಾಯಿತು. ಆ 58ನ್ನು ವುಲ್‌ಫರ್ಡನ ವರದಿಯ ಪಕ್ಕದಲ್ಲಿಟ್ಟು, ದವಡೆಯ ಕೀಲು ಸೊಂಟದ ಕೀಲಿಗಿಂತ ಗಟ್ಟಿಯೆಂದು ಹೇಳುವ ಆತುರ ಯಾರಿಗಾದರೂ ಉಂಟಾದೀತು. ಒಂದು ಎಲ್ಲರನ್ನೂ ಎಣಿಸಿದ ಅಂಕಿ, ಇನ್ನೊಂದು ಸಿಕ್ಕಿದವರನ್ನು ಎಣಿಸಿದ ಅಂಕಿ, ಎರಡನ್ನೂ ಹೋಲಿಸಬಾರದು.

ಈ ವ್ಯತ್ಯಾಸ ಪಂಡಿತರ ಸೂಕ್ಷ್ಮಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಸೊಂಟದ ಕೀಲನ್ನು ಬದಲಾಯಿಸಿಕೊಳ್ಳುವವರು ಹೆಚ್ಚಾಗಿ ಅರುವತ್ತು ದಾಟಿದವರು. ಇಪ್ಪತ್ತೈದು ವರ್ಷದ ಕೀಲು ಅವರ ಆಯುಷ್ಯಕ್ಕೆ ಸಾಕಾಗುತ್ತದೆ. ಮೇಲೆ ಹೇಳಿದ 2015ರ ವರದಿಯ ರೋಗಿಗಳ ಸರಾಸರಿ ವಯಸ್ಸು ಶಸ್ತ್ರಕ್ರಿಯೆಯ ಕಾಲಕ್ಕೆ 39 ವರ್ಷಕ್ಕಿಂತ ಕಡಿಮೆ. ನಮ್ಮ ದೇಶದಲ್ಲಿ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಇಲ್ಲಿ ದವಡೆಯ ಕೀಲು ಬೆಸೆದುಹೋಗಲು ಮುಖ್ಯ ಕಾರಣ ಬಾಲ್ಯದಲ್ಲಿ ಗದ್ದ ಊರಿ ಬಿದ್ದ ಪೆಟ್ಟು. ಚಿಕಿತ್ಸೆಗೆ ಬರುವವರು ಅನೇಕವೇಳೆ ಮಕ್ಕಳು, ತರುಣರು. ಲೋಹದ ಕೀಲು ಮಗುವಿನೊಡನೆ ಬೆಳೆಯಲಾರದು. ಆದುದರಿಂದ ಬೆಸುಗೆಯನ್ನು ಕತ್ತರಿಸಿ ನಡುವೆ ಸ್ನಾಯುವಿನ ಪೊರೆಯನ್ನು ಹಾಕುವುದೋ, ಗಿಲ್ಲೀಸನ ಮಾರ್ಗದಲ್ಲಿ ಪಕ್ಕೆಲುಬನ್ನು ಕೂಡಿಸುವುದೋ ಇಲ್ಲಿ ಹೆಚ್ಚು ರೂಢಿಯಲ್ಲಿದೆ. ಹದಿನೆಂಟು ವರ್ಷದ ಹುಡುಗಿಗೆ ಕೃತಕ ಕೀಲನ್ನು ಕೂಡಿಸಲು ಹೊರಟ ವೈದ್ಯನು, ಐವತ್ತು ವರ್ಷಗಳ ಬಾಳಿಕೆಯನ್ನು ಕುರಿತು ಯೋಚಿಸಬೇಕಾಗುತ್ತದೆ. ಪಾಲಿಎಥಿಲೀನಿನ ದವಡೆಕೀಲು ಬಳಕೆಗೆ ಬಂದುದೇ 1989ರ ಆಚೀಚೆ.

2011ರ ಫೆಬ್ರವರಿಯಲ್ಲಿ ಅಮೆರಿಕದ ಆಡಳಿತವು ಆಗ ಮಾರುಕಟ್ಟೆಯಲ್ಲಿದ್ದ ಮೂವರು ತಯಾರಕರಿಗೂ ಒಂದು ಆಜ್ಞೆಯನ್ನು ಹೊರಡಿಸಿತು. ಗಣನೀಯ ಸಂಖ್ಯೆಯ ರೋಗಿಗಳಲ್ಲಿ, ತೀವ್ರವಾದ ನೋವಿನ ಕಾರಣದಿಂದ, ಮೂರು ವರ್ಷಗಳೊಳಗೇ ಕೀಲನ್ನು ಬದಲಾಯಿಸಬೇಕಾಗಿ ಬಂದಿರುವುದು ತನಗೆ ಬಂದ ದೂರುಗಳ ಪರಿಶೀಲನೆಯಿಂದ ಕಂಡುಬಂದಿದೆಯೆಂದೂ, ಕೀಲುಗಳು ಎಷ್ಟು ಕಾಲ ಬಾಳಿ ಯಾವ ಕಾರಣಕ್ಕೆ ಹೊರಬರುತ್ತಿವೆ ಎಂಬುದನ್ನು ತಯಾರಕರು ಅಧ್ಯಯನ ಮಾಡಿ ಒಪ್ಪಿಸಬೇಕೆಂದೂ ಅದರ ತಾತ್ಪರ್ಯ. ಗ್ಲುಕ್ಕನ ಆನೆದಂತದಿಂದ ಈ ಆಜ್ಞೆಯವರೆಗೆ ನೂರಿಪ್ಪತ್ತೊಂದು ವರ್ಷಗಳು ಸಂದಿದ್ದುವು. ಎಲ್ಲ ರೋಗಿಗಳನ್ನೂ ಎಣಿಸಬೇಕೆಂಬ ಸರ್ಕಾರದ ಬೇಡಿಕೆ ಈ ಕೀಲಿನ ಮಟ್ಟಿಗೆ ಅಂದು ಕಾಗದದ ಮೇಲೆ ಬಂದಿತು.